ಒಡೆದ ಬ್ಯಾಂಡಿನ ಹಳೇ ಶೋ ಫೈಲ್

ಬ್ಯಾಂಡ್ ಒಡೆಯುತ್ತಿದೆ ಅನ್ನುವುದು ಮ್ಯಾನೇಜರ್‌ಗಿಂತ ಮೊದಲು ಮಾನಿಟರ್ ಎಂಜಿನಿಯರ್‌ಗೆ ಗೊತ್ತಾಗುತ್ತದೆ. ನನ್ನ ಕೆಲಸ ಅದೇ. ಜನರಿಗೆ ಕೇಳುವ ಸೌಂಡ್ ನೋಡಿಕೊಳ್ಳುವವರು ಎದುರುಗಡೆ ಮೇನ್ ಕನ್ಸೋಲ್‌ನಲ್ಲಿ ಇರುತ್ತಾರೆ. ನಾನು ಸ್ಟೇಜ್ ಪಕ್ಕದಲ್ಲಿ ನಿಂತು, ನುಡಿಸುವವರಿಗೆ ಏನೇನು ಕೇಳಬೇಕೋ ಅದನ್ನು ಕೇಳಿಸುತ್ತೇನೆ. ಡ್ರಮ್ಮರ್‌ಗೆ ಬೇಸ್ ಬೇಕು, ಹಾಡುವವರಿಗೆ ತಮ್ಮ ದನಿಯೇ ಬೇಕು. "ಸರ್, ನನ್ನನ್ನ ಸ್ವಲ್ಪ ಜಾಸ್ತಿ ಮಾಡಿ" ಅನ್ನುವುದು ದಿನಾ ಕೇಳುವ ಮಾತು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. "ಅವನನ್ನ ನನ್ನ ಕಿವಿಯಿಂದ ಪೂರ್ತಿ ತೆಗೆದುಬಿಡಿ" ಅಂದಾಗ ಮಾತ್ರ ನಾನು ತಲೆ ಎತ್ತಿ ನೋಡುತ್ತೇನೆ.

ಮುಂಚೆ ಎಲ್ಲರ ಕಾಲ ಬಳಿ ವೆಡ್ಜ್ ಸ್ಪೀಕರ್ ಇರುತ್ತಿತ್ತು. ಬೇಡ ಅಂದರೂ ಪಕ್ಕದವನು ಕೇಳುತ್ತಿದ್ದ. ಈಗ ಇನ್‌ಇಯರ್, ಅಂದರೆ ಕಿವಿಯೊಳಗೇ ಹಾಕಿಕೊಳ್ಳುವ ಇಯರ್‌ಫೋನ್ ಬಂದಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮಿಕ್ಸ್. ನಾನು ಸೌಂಡ್ ಏರಿಸಿ ಇಳಿಸುವ ಒಂದು ಫೇಡರ್ ಕೆಳಗೆ ಎಳೆದರೆ ಸಾಕು, ಮೂರಡಿ ದೂರದಲ್ಲಿ ನಿಂತ ಗೆಳೆಯ ಮಾಯ. ಕಿವಿಗೆ ಒಳ್ಳೆಯದು, ನಿಜ. ಬ್ಯಾಂಡಿಗೆ ಎಷ್ಟು ಒಳ್ಳೆಯದೋ ನನಗೆ ಅನುಮಾನ.

ಒಂದು ಕನ್ನಡ ರಾಕ್ ಬ್ಯಾಂಡ್ ಜೊತೆ ತುಂಬ ಕಾಲ ಓಡಾಡಿದ್ದೆ. ಹೆಸರು ಬೇಡ. ಕಾಲೇಜ್ ಫೆಸ್ಟ್‌ಗಳಲ್ಲಿ ಬೆಳೆದವರು. ಟೆಂಪೋ ಟ್ರಾವೆಲರ್‌ನಲ್ಲಿ ದಾವಣಗೆರೆ, ಹುಬ್ಬಳ್ಳಿ, ಮಂಗಳೂರು ಅಂತ ಸುತ್ತಿದವರು. ಶೋ ದೊಡ್ಡದಾಗುತ್ತಾ ಹೋದ ಹಾಗೆ ಇನ್‌ಇಯರ್ ಬಂತು. ಒಂದು ಸೌಂಡ್‌ಚೆಕ್‌ನಲ್ಲಿ ಗಿಟಾರಿಸ್ಟ್ ಬಂದು ತನ್ನ ಕಿವಿಯಿಂದ ಕೀಬೋರ್ಡ್ ತೆಗೆಸಿದ. ಮುಂದಿನ ಶೋನಲ್ಲಿ ಕೀಬೋರ್ಡ್‌ನವನು ಗಿಟಾರ್ ತೆಗೆಸಿದ. ಕೆಳಗೆ ನಿಂತ ಹುಡುಗರಿಗೆ ಏನೂ ಗೊತ್ತಾಗಲಿಲ್ಲ, ಕುಣಿದರು. ಆದರೆ ಹಾಡು ಮುಗಿಯುವ ಜಾಗದಲ್ಲಿ ಎಡವುತ್ತಿದ್ದರು. ಗಿಟಾರ್ ಎರಡು ಸುತ್ತು ಎಳೆದರೆ ಕೀಬೋರ್ಡ್ ಮೊದಲೇ ನಿಂತಿರುತ್ತಿತ್ತು. ಕೆಲವೇ ತಿಂಗಳಲ್ಲಿ ಬ್ಯಾಂಡ್ ಚೆದುರಿತು. ಪೇಪರ್‌ನಲ್ಲಿ ಕ್ರಿಯೇಟಿವ್ ಭಿನ್ನಾಭಿಪ್ರಾಯ ಅಂತ ಬಂತು. ಆ ಮಾತು ಕಂಡರೆ ನನಗೆ ನಗು ಬರುತ್ತದೆ.

ಜಗಳವೇ ಇಲ್ಲದೆ ಚೆದುರಿದ ಬ್ಯಾಂಡ್‌ಗಳೂ ಇವೆ. ನಮ್ಮ ತಂಡದಲ್ಲಿ ಕೇಬಲ್, ಪ್ಯಾಚಿಂಗ್ ನೋಡಿಕೊಳ್ಳುವ ಕೋಲ್ಕತ್ತಾದ ಹುಡುಗನೊಬ್ಬ ಇದ್ದಾನೆ. ಅವನಿಂದ ನನಗೆ 'ಮೊಹಿನೇರ್ ಘೋರಾಗುಲಿ' ಅನ್ನುವ ಬಂಗಾಳಿ ಬ್ಯಾಂಡಿನ ಹುಚ್ಚು ಹಿಡಿಯಿತು. ಹಾಗಂದರೆ ಮಹೀನನ ಕುದುರೆಗಳು. ಜೀವನಾನಂದ ದಾಸರ ಕವಿತೆಯಿಂದ ತೆಗೆದುಕೊಂಡ ಹೆಸರು. ಅದಕ್ಕೂ ಮೊದಲು 'ಗೌತಮ್ ಚಟ್ಟೋಪಾಧ್ಯಾಯ ಬಿಎಸ್ಸಿ ಮತ್ತು ಸಂಪ್ರದಾಯ' ಅಂತೆಲ್ಲ ಹೆಸರಿಟ್ಟುಕೊಂಡಿದ್ದರಂತೆ. ಹೆಸರು ಬದಲಾಯಿಸಿದ್ದು ಒಳ್ಳೆಯದಾಯಿತು!

70ರ ದಶಕದ ಕಲ್ಕತ್ತಾ, ಏಳು ಜನ. ಬ್ಯಾಂಡ್ ಕಟ್ಟಿದ ಗೌತಮ್ ನಕ್ಸಲ್ ಚಳವಳಿಯಲ್ಲಿದ್ದು ಜೈಲು ಕಂಡು ಬಂದವರು. ಬಂಗಾಳದ ಅಲೆಮಾರಿ ಗಾಯಕರ ಬಾವುಲ್ ಹಾಡು, ರಾಕ್, ಜಾಝ್ ಎಲ್ಲ ಸೇರಿಸಿ ಬಂಗಾಳಿಯಲ್ಲಿ ಹಾಡಿದರು. 1977ರಿಂದ 79ರೊಳಗೆ ಮೂರು ರೆಕಾರ್ಡ್ ತಂದರು. ಆಗ ಅದನ್ನು ಕೇಳುವವರು ಕಡಿಮೆ. 1981ರಲ್ಲಿ ಬ್ಯಾಂಡ್ ನಿಂತುಹೋಯಿತು. ಹೊಟ್ಟೆಪಾಡು ನೋಡಬೇಕಲ್ವಾ, ಒಬ್ಬೊಬ್ಬರು ಒಂದೊಂದು ಊರು ಹಿಡಿದರು. ಏಳು ಜನರಲ್ಲಿ ಒಬ್ಬರಾದ ರಂಜನ್ ಘೋಷಾಲ್ ನಮ್ಮ ಬೆಂಗಳೂರಿಗೇ ಬಂದು ಜಾಹೀರಾತು, ನಾಟಕ ಅಂತ ನೆಲೆಸಿದರು. ಗೌತಮ್ ಸಿನಿಮಾ ಕಡೆ ಹೋದರು.

ನನಗೆ ಇಷ್ಟವಾಗಿದ್ದು ಇದರ ಮುಂದಿನ ಭಾಗ. 90ರ ದಶಕದ ಹೊತ್ತಿಗೆ ಕಾಲೇಜು ಹುಡುಗರು ಈ ಹಾಡುಗಳನ್ನು ಹುಡುಕಿ ಹುಡುಕಿ ಹಾಡತೊಡಗಿದ್ದರು. ಗೌತಮ್ ಮನಸ್ಸು ಮಾಡಿದ್ದರೆ ಏಳೂ ಜನರನ್ನು ಕರೆದು ಅದೇ ಹಾಡುಗಳನ್ನು ಅದೇ ಹಾಗೆ ನುಡಿಸಬಹುದಿತ್ತು. ಆದರೆ 1995ರಲ್ಲಿ ಅವರು ತಂದ ಆಲ್ಬಂನಲ್ಲಿ ಹಾಡಿದ್ದು ಬಹುಪಾಲು ಹೊಸ ಹುಡುಗರು. ಮೊಹಿನೇರ್ ಘೋರಾಗುಲಿ ಅನ್ನುವ ಹೆಸರು 'ಸಂಪಾದಿತ' ಅಂತ ಬಂತು, ಪುಸ್ತಕಕ್ಕೆ ಸಂಪಾದಕರ ಹೆಸರು ಹಾಕುವ ಹಾಗೆ. ಅದೇ ರೀತಿ ಇನ್ನೂ ಕೆಲವು ಆಲ್ಬಂ ಬಂದವು. 1999ರಲ್ಲಿ ಗೌತಮ್ ತೀರಿಕೊಂಡರು. 2006ರಲ್ಲಿ 'ಗ್ಯಾಂಗ್‌ಸ್ಟರ್' ಹಿಂದಿ ಸಿನಿಮಾದ 'ಭೀಗಿ ಭೀಗಿ' ಹಾಡು ಎಲ್ಲರ ಬಾಯಲ್ಲೂ ಇತ್ತಲ್ಲ, ಅದರ ಧಾಟಿ ಈ ಬ್ಯಾಂಡಿನದ್ದೇ.

ಈಗ ನಮ್ಮವರ ಕಥೆಗೆ ಬರೋಣ. ವರ್ಷಗಳ ನಂತರ ಆ ಕನ್ನಡ ಬ್ಯಾಂಡ್ ಮತ್ತೆ ಸೇರಿತು. ಕೀಬೋರ್ಡ್‌ನವನು ವಿದೇಶದಲ್ಲಿದ್ದಾನೆ, ಬರಲಿಲ್ಲ. ಉಳಿದವರು ಬಂದವರೇ ಕೇಳಿದ್ದು ಒಂದೇ: "ಹಳೇ ಶೋ ಫೈಲ್ ಇದೆಯಾ?" ಶೋ ಫೈಲ್ ಅಂದರೆ ಕನ್ಸೋಲ್‌ನ ಸೆಟ್ಟಿಂಗ್‌ಗಳನ್ನೆಲ್ಲ ಸೇವ್ ಮಾಡಿಟ್ಟ ಫೈಲ್. ಪೆನ್‌ಡ್ರೈವ್‌ನಲ್ಲಿತ್ತು. ಲೋಡ್ ಮಾಡಲು ನಾನು ಒಪ್ಪಲಿಲ್ಲ. ಆ ಫೈಲ್‌ನಲ್ಲಿ ಯಾರು ಯಾರನ್ನು ಕಿವಿಯಿಂದ ತೆಗೆಸಿದ್ದರು ಅನ್ನುವುದೂ ಸೇವ್ ಆಗಿತ್ತು! ಸಾಲದ್ದಕ್ಕೆ ಹಾಡುವವನ ದನಿ ಈಗ ತಗ್ಗಿದೆ, ಎಲ್ಲ ಹಾಡೂ ಅರ್ಧ ಸ್ವರ ಕೆಳಗೆ. ಡ್ರಮ್ಮರ್‌ಗೆ ಎಡಗಿವಿ ಸ್ವಲ್ಪ ಮಂದ.

ಮೊದಲ ರಿಹರ್ಸಲ್‌ಗೆ ಇನ್‌ಇಯರ್ ಕೊಡಲೇ ಇಲ್ಲ. ಸಣ್ಣ ರೂಮು. ಆಂಪ್‌ಗಳನ್ನು ಒಂದಕ್ಕೊಂದು ಎದುರಾಗಿ ಇಟ್ಟೆ, ಎಲ್ಲರೂ ದುಂಡಗೆ ನಿಂತರು. ಹಾಡುವವರಿಗೆ ಮಾತ್ರ ಒಂದು ವೆಡ್ಜ್. ಮೊದಲ ಹಾಡು ಬರೀ ಸಂತೆ ಗದ್ದಲ. ಎರಡನೆಯದಕ್ಕೆ ಗಿಟಾರಿಸ್ಟ್ ತಾನಾಗಿಯೇ ವಾಲ್ಯೂಮ್ ಇಳಿಸಿದ. ಅವನು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹೊಸ ಕೀಬೋರ್ಡ್ ಹುಡುಗಿ ಇವರ ಹಾಡುಗಳನ್ನು ಯೂಟ್ಯೂಬ್ ನೋಡಿಯೇ ಕಲಿತವಳು. ಒಂದು ಕಡೆ ಹಾಡಿದವನಿಗೇ ತನ್ನ ಸಾಲು ಮರೆತುಹೋಗಿತ್ತು. ಅವಳು ಮೆಲ್ಲಗೆ, "ಅಣ್ಣ, ಅಲ್ಲಿ ಎರಡನೇ ಸಲ ಮೇಲಕ್ಕೆ ಹೋಗ್ತೀರ" ಅಂದಳು. ಬೇಸ್ ನುಡಿಸುವವನು ಮಾತ್ರ "ಆಗ ಹೀಗಿರಲಿಲ್ಲ" ಅಂತ ಗೊಣಗಿಕೊಂಡೇ ಇದ್ದ. ಎರಡು ಹಾಡಿನ ಶುರುವಾತು ಅವಳು ಬದಲಾಯಿಸಿದಳು. ಜನ ಇವತ್ತು ಒನ್ಸ್‌ಮೋರ್ ಕೇಳುವುದು ಅವೆರಡಕ್ಕೇ.

ಇದಾದ ಮೇಲೆ ನಮ್ಮ ಸೌಂಡ್ ತಂಡದಲ್ಲೂ ಹಾಗೇ ಮಾಡುತ್ತಿದ್ದೇನೆ. ಬಿಟ್ಟುಹೋದ ಹುಡುಗ ವಾಪಸ್ ಬಂದರೆ ಹಳೇ ಜಾಗಕ್ಕೆ ಸುಮ್ನೆ ಕೂರಿಸುವುದಿಲ್ಲ. ಅವನು ಇಲ್ಲದಾಗ ಆ ಕೆಲಸ ಮಾಡಿದವನ ಜೊತೆ ಮೊದಲು ಎರಡು ಮೂರು ಶೋ ನಿಲ್ಲಬೇಕು. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. ಒಬ್ಬ ಅರ್ಧಕ್ಕೇ ಎದ್ದುಹೋದ. ಹೋಗಲಿ.

ಬ್ಯಾಂಡ್‌ನಲ್ಲಿ ಈಗ ಹೊಸ ಮಾತುಕತೆ ನಡೆಯುತ್ತಿದೆ. ಶೋ ದುಡ್ಡಿನಲ್ಲಿ ಆ ಹುಡುಗಿಗೆ ಸಮಪಾಲು ಕೊಡಬೇಕಾ ಅಂತ. ಹಾಡು ಬರೆದದ್ದು ನಾವು ಅನ್ನುವುದು ಹಳಬರ ವಾದ. ನನ್ನ ಲೆಕ್ಕದಲ್ಲಿ, ಬರೆದದ್ದಕ್ಕೆ ರಾಯಲ್ಟಿ ಬೇರೆ ಬರುತ್ತದೆ, ಅದು ಬರೆದವರಿಗೇ ಸೇರಲಿ. ಶೋ ದುಡ್ಡು ಸ್ಟೇಜ್ ಮೇಲೆ ನಿಂತು ನುಡಿಸಿದ್ದಕ್ಕೆ. ನನ್ನನ್ನು ಕೇಳಿದರು, ಸಮಪಾಲು ಕೊಡಿ ಅಂದೆ. ಬೇಸ್‌ನವನು ಅವತ್ತಿನಿಂದ ನನ್ನ ಜೊತೆ ಅಷ್ಟಾಗಿ ಮಾತಾಡುತ್ತಿಲ್ಲ.