ಗಣಿ ಮುಚ್ಚಿದ ನಾಡಿನಲ್ಲಿ ಸೈಕಲ್ ಸವಾರಿ

ಬೆಲ್ಜಿಯಂನಲ್ಲಿ ಏಪ್ರಿಲ್ ಬಿಸಿಲು ಬಿದ್ದ ದಿನ ಯಾರೂ ಮನೆಯೊಳಗೆ ಇರುವುದಿಲ್ಲ. ನವೆಂಬರ್‌ನಿಂದ ಮೋಡ, ಜಡಿಮಳೆ, ನಾಲ್ಕೂವರೆ ಐದಕ್ಕೇ ಕವಿಯುವ ಕತ್ತಲು ನೋಡಿ ನೋಡಿ ಬೇಸತ್ತ ಜನ, ಹದಿನೈದು ಡಿಗ್ರಿ ಬಿಸಿಲು ಬಂದರೆ ಸಾಕು, ಬೀದಿಗೆ ಕುರ್ಚಿ ಎಳೆದುಕೊಂಡು ಮುಖ ಮೇಲೆತ್ತಿ ಕೂರುತ್ತಾರೆ. ಯುಗಾದಿ ಕಳೆದರೆ ಬೆಳಗ್ಗೆ ಹತ್ತಕ್ಕೇ ನೆರಳು ಹುಡುಕುವ ಸೀಮೆಯಿಂದ ಬಂದ ನನಗೆ ಮೊದಮೊದಲು ಇದು ನಗು ತರಿಸುತ್ತಿತ್ತು. ಈಗ ನಾನೂ ಅದೇ ಗುಂಪಿಗೆ ಸೇರಿದ್ದೇನೆ. ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಏಪ್ರಿಲ್ ನಡುವಿಗೆ ಬಂದರೆ ರಾತ್ರಿ ಎಂಟೂವರೆಯಾದರೂ ಬೆಳಕಿರುತ್ತದೆ. ಶೆಡ್ಡಿನಿಂದ ಸೈಕಲ್ ಈಚೆಗೆ ತೆಗೆದು, ಚೈನಿಗೆ ಎಣ್ಣೆ ಬಿಟ್ಟು, ಗಾಳಿ ಹೊಡೆದು ಹೊರಡುವುದೊಂದೇ ಬಾಕಿ.

ನಾನಿರುವುದು ದೇಶದ ಪೂರ್ವಕ್ಕಿರುವ ಲಿಂಬುರ್ಗ್ ಪ್ರಾಂತ್ಯದ ಹಾಸೆಲ್ಟ್ ಪಟ್ಟಣದಲ್ಲಿ. ಹುಟ್ಟಿದ್ದು ಕೋಲಾರ ಜಿಲ್ಲೆಯಲ್ಲಿ, ಬಂಗಾರಪೇಟೆಗೂ ಬೇತಮಂಗಲಕ್ಕೂ ನಡುವೆ ಸಿಗುವ ಒಂದು ಹಳ್ಳಿಯಲ್ಲಿ. ನಮ್ಮ ತಾತ ಬೆಳಗಿನ ಜಾವ ಕ್ಯಾರಿಯರ್‌ನ ಎರಡೂ ಪಕ್ಕ ಹಾಲಿನ ಕ್ಯಾನು ತೂಗುಹಾಕಿಕೊಂಡು ಕೆಜಿಎಫ್ ಕಾಲೊನಿಗೆ ಸೈಕಲ್ ತುಳಿಯುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಸೈಕಲ್ ಅಂದರೆ ದುಡಿಮೆ. ಭಾನುವಾರ ನಲವತ್ತು ಕಿಲೋಮೀಟರ್ ತುಳಿದು ಬಂದೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು, "ಅಲ್ಲೇನಪ್ಪ ಕೆಲ್ಸ ಇತ್ತು?" ಕೆಲಸ ಏನೂ ಇರಲಿಲ್ಲ, ಸುಮ್ಮನೆ ಹೋಗಿದ್ದೆ ಅಂದೆ. "ನಿಮ್ ತಾತ ಹೊಟ್ಟೆ ತುಂಬಿಸ್ಕೊಳ್ಳೋಕೆ ತುಳಿದ್ರು, ನೀನು ಹೊಟ್ಟೆ ಕರಗಿಸ್ಕೊಳ್ಳೋಕೆ ತುಳೀತಿದ್ದೀಯ" ಅಂದವಳೇ ಫೋನನ್ನು ಅಪ್ಪನ ಕೈಗೆ ಕೊಟ್ಟಳು.

ಇಲ್ಲಿ ಸೈಕಲ್‌ನವರಲ್ಲಿ ಎರಡು ಜಾತಿ. ಮೈಗಂಟಿದ ಬಟ್ಟೆ ತೊಟ್ಟು, ತಲೆ ತಗ್ಗಿಸಿ, ಹಿಂಡಾಗಿ ನುಗ್ಗುವವರು ಒಂದು. ಏಪ್ರಿಲ್ ಶುರುವಿನಲ್ಲಿ ಫ್ಲಾಂಡರ್ಸ್‌ನ, ಅಂದರೆ ಡಚ್ ಮಾತಾಡುವ ಉತ್ತರ ಬೆಲ್ಜಿಯಂನ, ದೊಡ್ಡ ರೇಸು ನಡೆಯುವಾಗ ಇವರ ಹುಚ್ಚು ನೆತ್ತಿಗೇರಿರುತ್ತದೆ. ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ನಂದಿ ಬೆಟ್ಟ ಹತ್ತಲು ಬರುವವರನ್ನು ನೋಡಿದ್ದರೆ ನಿಮಗೆ ಗುರುತು ಸಿಗುತ್ತದೆ. ಇನ್ನೊಂದು ಜಾತಿ ನಮ್ಮದು. ಹ್ಯಾಂಡಲ್ ಮುಂದೆ ಬುಟ್ಟಿ, ಬುಟ್ಟಿಯಲ್ಲಿ ನೀರು, ಜಾಕೆಟ್ಟು, ಡಬ್ಬಿಯಲ್ಲಿ ಚಿತ್ರಾನ್ನ. ಎಪ್ಪತ್ತು ದಾಟಿದ ಗಂಡ ಹೆಂಡತಿಯರು ಬ್ಯಾಟರಿ ಸೈಕಲ್ ಮೇಲೆ ಹಿಂದಿನಿಂದ ಬಂದು, ಬೆಲ್ ಹೊಡೆದು, ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ಹೋಗಲಿ ಬಿಡಿ, ಯಾರಿಗೆ ಅವಸರ!

ದಾರಿ ಕೇಳುವ ಕೆಲಸವೇ ಇಲ್ಲ. ಹಳ್ಳಿ ರಸ್ತೆಗಳು ಕೂಡುವ ಕಡೆಯೆಲ್ಲ ಕಂಬಕ್ಕೊಂದು ಫಲಕ, ಫಲಕದಲ್ಲಿ ಒಂದು ನಂಬರು. ಅಲ್ಲಿಂದ ಹೋಗಬಹುದಾದ ಪಕ್ಕದ ನಂಬರುಗಳಿಗೆ ಬಾಣದ ಗುರುತು. ಮನೆಯಲ್ಲಿ ನಕ್ಷೆ ನೋಡಿ ಏಳೆಂಟು ನಂಬರನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಮುಗಿಯಿತು. ದಾರಿಯಲ್ಲಿ ಕಾಲು ಸೋತರೆ ಎರಡು ನಂಬರು ಬಿಟ್ಟು ಅಡ್ಡದಾರಿ ಹಿಡಿಯಿರಿ, ಹುರುಪಿದ್ದರೆ ಇನ್ನೆರಡು ಸೇರಿಸಿಕೊಳ್ಳಿ. ಹೊರಟ ಕಡೆಗೇ ವಾಪಸು ಬಂದಿರುತ್ತೀರಿ. ಈ ಪ್ರಾಂತ್ಯ ಒಂದರಲ್ಲೇ ಇಂಥ ಹಾದಿ ಸುಮಾರು 2000 ಕಿಲೋಮೀಟರ್ ಇದೆ.

ಇದನ್ನು ಕಂಡುಹಿಡಿದವರು ಯಾರು ಅಂತ ಹುಡುಕಿದಾಗ ನನಗೆ ಮೈ ಜುಮ್ಮೆಂದಿತು. ಹ್ಯೂಗೊ ಬೊಲೆನ್ ಅಂತ, ವೃತ್ತಿಯಲ್ಲಿ ಗಣಿ ಎಂಜಿನಿಯರ್! ಲಿಂಬುರ್ಗ್ ಕಲ್ಲಿದ್ದಲಿನ ನಾಡು. 1901ರಲ್ಲಿ ಇಲ್ಲಿ ಕಲ್ಲಿದ್ದಲು ಸಿಕ್ಕಿತು, ಒಂದಾದ ಮೇಲೊಂದರಂತೆ ಏಳು ಗಣಿ ತೆರೆದವು. 1966ರಿಂದ ಮುಚ್ಚುತ್ತಾ ಬಂದು ಕೊನೆಯದಾದ ಜೋಲ್ಡರ್ ಗಣಿ 1992ರಲ್ಲಿ ಬಾಗಿಲು ಹಾಕಿತು. ಮೂರೇ ವರ್ಷದಲ್ಲಿ, 1995ರಲ್ಲಿ, ಈ ನಂಬರಿನ ಸೈಕಲ್ ಹಾದಿ ಇಲ್ಲೇ ಮೊದಲು ಶುರುವಾಯಿತು. ಆಮೇಲೆ ಇಡೀ ಫ್ಲಾಂಡರ್ಸ್, ನೆದರ್‌ಲೆಂಡ್ಸ್, ಜರ್ಮನಿಯ ಕೆಲವು ಭಾಗ ಅದನ್ನೇ ಎತ್ತಿಕೊಂಡವು. ನೆಲದಡಿಯ ಸುರಂಗಗಳ ಲೆಕ್ಕ ಇಟ್ಟ ಕಸುಬಿನವರೇ ಮೇಲಿನ ಹಾದಿಗೂ ನಂಬರು ಕೊಟ್ಟರು. ಕೆಜಿಎಫ್ ಸೈರನ್ ಕೇಳಿಕೊಂಡು ಬೆಳೆದವನಿಗೆ ಇದು ಬೇರೆ ದೇಶದ ಕತೆ ಅನ್ನಿಸಲಿಲ್ಲ. ನಮ್ಮಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ತೋಡಿ ತೋಡಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದ ಗಣಿ 2001ರ ಫೆಬ್ರವರಿ 28ಕ್ಕೆ ನಿಂತಿತು. ಆಮೇಲೆ ನಮ್ಮವರಿಗೆ ಉಳಿದದ್ದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು.

ಬಿಸಿಲಿನ ವಿಷಯಕ್ಕೇ ಬರುತ್ತೇನೆ. ಹಾಸೆಲ್ಟ್‌ನಿಂದ ದಕ್ಷಿಣಕ್ಕೆ ಹೊರಟರೆ ಹಾಸ್ಪೆನ್‌ಗೌ ಅನ್ನುವ ಸೀಮೆ. ಮಾವಿಗೆ ನಮ್ಮ ಶ್ರೀನಿವಾಸಪುರ ಹೇಗೋ, ಇಲ್ಲಿನ ಚೆರ್ರಿ, ಮರಸೇಬು, ಸೇಬಿಗೆ ಇದು ಹಾಗೆ. ಏಪ್ರಿಲ್‌ನಲ್ಲಿ ಹೂ ಬಿಡುವುದೂ ಅದೇ ಸರದಿಯಲ್ಲಿ. ಚೆರ್ರಿ, ಮರಸೇಬಿನ ಹೂವು ಅಚ್ಚ ಬಿಳಿ. ಸೇಬಿನದು ಮೊಗ್ಗಿನಲ್ಲಿ ಗುಲಾಬಿ, ಅರಳಿದಂತೆ ಬಣ್ಣ ಇಳಿಯುತ್ತದೆ. ಹೊಸ ತೋಟಗಳಲ್ಲಿ ಮರಗಳು ಕುಳ್ಳು, ತಂತಿ ಕಟ್ಟಿ ಸಾಲಾಗಿ ಬೆಳೆಸಿರುತ್ತಾರೆ, ದ್ರಾಕ್ಷಿ ತೋಟ ನೋಡಿದವರಿಗೆ ಅರ್ಥವಾದೀತು. ಹಳೇ ತೋಟಗಳಲ್ಲಿ ಎತ್ತರದ ಮರ, ಬುಡದಲ್ಲಿ ಕುರಿ. ಸೀಮೆ ಸಪಾಟಲ್ಲ, ಸಣ್ಣ ಸಣ್ಣ ದಿಣ್ಣೆ. ಹತ್ತುವಾಗ ಏದುಸಿರು ಬಂದರೂ ಇಳಿಜಾರಿನಲ್ಲಿ ಪೆಡಲ್ ಬಿಟ್ಟು ಎರಡೂ ಕಡೆ ಹೂವಿನ ನಡುವೆ ಜಾರಿಕೊಂಡು ಹೋಗುವಾಗ ಜೇನುನೊಣದ ಮೊರೆತ ಕಿವಿಗೆ ಬೀಳುತ್ತದೆ. ಬೋರ್ಗ್ಲೋನ್ ಹತ್ತಿರ ಹೊಲದ ಮಧ್ಯೆ ಉಕ್ಕಿನ ತಗಡನ್ನು ಪದರ ಪದರವಾಗಿ ಜೋಡಿಸಿ ಕಟ್ಟಿದ ಒಂದು ಚರ್ಚಿನ ಆಕಾರ ಇದೆ, ಒಂದು ಕಡೆಯಿಂದ ಕಟ್ಟಡ ಕಾಣುತ್ತದೆ, ಇನ್ನೊಂದು ಕಡೆಯಿಂದ ಬರೀ ಆಕಾಶ. ಜನ ಅಲ್ಲಿ ಸಾಲುಗಟ್ಟಿ ಫೋಟೊ ತೆಗೆಯುತ್ತಾರೆ. ನನಗೆ ಅದಕ್ಕಿಂತ ರಸ್ತೆ ಬದಿಯ ಹಣ್ಣಿನ ಪೆಟ್ಟಿಗೆ ಇಷ್ಟ. ಗಾಜಿನ ಬಾಗಿಲಿನ ಮೆಷಿನ್, ಕಾಸು ಹಾಕಿದರೆ ಸ್ಟ್ರಾಬೆರಿ ಡಬ್ಬಿ ಬರುತ್ತದೆ, ಕಾಯುವವರು ಯಾರೂ ಇರುವುದಿಲ್ಲ.

ಒಂದು ದಿನ ಬೆಳಗ್ಗೆ ಬೇಗ ಹೊರಟಿದ್ದೆ. ಹಗಲು ಎಷ್ಟೇ ಬಿಸಿಲಿದ್ದರೂ ಏಪ್ರಿಲ್ ರಾತ್ರಿ ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಹೂವು ಸುಟ್ಟುಹೋದರೆ ಆ ವರ್ಷದ ಫಸಲೇ ಹೋದಂತೆ. ಅಂಥ ರಾತ್ರಿ ಕೆಲವರು ಸಾಲುಗಳ ನಡುವೆ ಡಬ್ಬಿಗಟ್ಟಲೆ ಮೇಣ ಉರಿಸುತ್ತಾರೆ. ಇನ್ನು ಕೆಲವರು ರಾತ್ರಿಯಿಡೀ ಸ್ಪ್ರಿಂಕ್ಲರ್ ಬಿಟ್ಟು ಮರಗಳನ್ನು ನೆನೆಸುತ್ತಲೇ ಇರುತ್ತಾರೆ. ನಾನು ಹೋದಾಗ ಆ ತೋಟದಲ್ಲಿ ನೀರು ಇನ್ನೂ ಚಿಮ್ಮುತ್ತಿತ್ತು. ಬೇಲಿಗೆ ಸೈಕಲ್ ಒರಗಿಸಿ ಬಗ್ಗಿ ನೋಡಿದರೆ ಪ್ರತಿ ಹೂವಿನ ಸುತ್ತ ಬೆರಳು ದಪ್ಪ ಮಂಜುಗಡ್ಡೆ, ಒಳಗೆ ಐದೂ ದಳ, ಕೇಸರ ಎಲ್ಲಾ ಲೆಕ್ಕ ಹಾಕುವ ಹಾಗೆ ಸ್ಪಷ್ಟ. ನೀರು ಹೆಪ್ಪುಗಟ್ಟುವಾಗ ಬಿಡುವ ಚೂರು ಶಾಖವೇ ಹೂವನ್ನು ಸೊನ್ನೆಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಮಂಜು ಕರಗುವ ತನಕ ನೀರು ನಿಲ್ಲಿಸುವ ಹಾಗಿಲ್ಲ. ಅಪ್ಪನಿಗೆ ಫೋಟೊ ಕಳಿಸಿದೆ. "ಐಸ್ ಹಾಕಿ ಹೂವು ಕಾಪಾಡ್ತಾರಾ? ಯಾರಿಗೆ ಹೇಳ್ತೀಯ?" ಅಂದರು. ವಿಡಿಯೊ ಕಳಿಸಿದ ಮೇಲೆ ನಂಬಿದರು. ನಂಬಿದ ಮೇಲೆ ಮಾವಿನ ಹೂವಿಗೆ ಬರುವ ಜಿಗಿಹುಳಕ್ಕೆ ಅಲ್ಲಿ ಏನಾದರೂ ಔಷಧಿ ಇದೆಯಾ ಅಂತ ಕೇಳಿದರು.

ಊರಿನಿಂದ ಬಂದವರನ್ನು ನಾನು ತಪ್ಪದೆ ಕರೆದುಕೊಂಡು ಹೋಗುವ ಜಾಗ ಬೊಕ್ರೈಕ್. ಹಾಸೆಲ್ಟ್ ಮತ್ತು ಗೆಂಕ್ ನಡುವಿನ ಈ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಕೊಳಗಳಿವೆ. ಬಹಳಷ್ಟು ಮಧ್ಯಯುಗದಿಂದ ಮೀನು ಸಾಕಲು ಮನುಷ್ಯರೇ ಮಾಡಿಕೊಂಡವು. ಅದರಲ್ಲಿ ಒಂದು ಕೊಳದ ನಡುವೆ 2016ರಲ್ಲಿ 212 ಮೀಟರ್ ಉದ್ದ, 3 ಮೀಟರ್ ಅಗಲದ ಕಾಂಕ್ರೀಟ್ ಹಾದಿ ಮಾಡಿದರು. ಸೇತುವೆ ಅಲ್ಲ, ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಯುವ ಹಾದಿ. ನಮ್ಮ ಕಡೆ ಕೆರೆ ಏರಿಯ ಹಿಂದಿನ ಗದ್ದೆಯಲ್ಲಿ ನಿಂತವರಿಗೆ ಗೊತ್ತು, ಕೆರೆ ತುಂಬಿದಾಗ ನೀರು ನಮ್ಮ ತಲೆಗಿಂತ ಮೇಲಿರುತ್ತದೆ, ಏರಿ ಅಡ್ಡ ಇರುವುದರಿಂದ ಕಾಣುವುದಿಲ್ಲ. ಬೊಕ್ರೈಕ್‌ನಲ್ಲಿ ಏರಿಯ ಜಾಗದಲ್ಲಿ ತೆಳ್ಳನೆಯ ಗೋಡೆ ಮಾತ್ರ, ಅದೂ ನೀರಿನಷ್ಟೇ ಎತ್ತರ. ಸೈಕಲ್ ಮೇಲೆ ಕೂತವನ ಕಣ್ಣಿನ ಮಟ್ಟಕ್ಕೆ ನೀರು. ಬಾತುಕೋಳಿ ಮುಖಾಮುಖಿ ಈಜಿಕೊಂಡು ಬರುತ್ತದೆ, ಕೈ ಚಾಚಿದರೆ ಮುಟ್ಟಬಹುದು. ಬಿಸಿಲಿರುವ ದಿನ ನೀರಿನ ಬೆಳಕು ಗೋಡೆ ಮೇಲೆ, ಮುಖದ ಮೇಲೆ ಆಡುತ್ತಿರುತ್ತದೆ. ಬಾತು ಬಿಡಿ, ಹೆಬ್ಬಾತು ಮರಿ ಹಾಕಿದ ಕಾಲದಲ್ಲಿ ಮಾತ್ರ ಹುಷಾರು. ಹಾದಿಗೆ ಅಡ್ಡ ನಿಂತು ಕತ್ತು ಚಾಚಿ ಬುಸ್ ಅನ್ನುತ್ತದೆ, ನಮ್ಮೂರ ನಾಯಿಗಳೇ ವಾಸಿ.

ಗೆಂಕ್ ಕಡೆಗೆ ತಿರುಗಿದರೆ ಹಳೇ ಗಣಿಗಳು. ಕಲ್ಲಿದ್ದಲು ಸಾಗಿಸುತ್ತಿದ್ದ ರೈಲು ಹಾದಿಯ ಪಕ್ಕ ಈಗ ಸೈಕಲ್ ಹಾದಿ. ವಿಂಟರ್‌ಸ್ಲಾಗ್ ಗಣಿಯ ಕಟ್ಟಡದಲ್ಲಿ ಸಿನಿಮಾ, ರಂಗಮಂದಿರ, ಕಲಾಶಾಲೆ. ಬೇರಿಂಗನ್ ಗಣಿಯ ತೊಟ್ಟಿಯಲ್ಲಿ ಜನ ದುಡ್ಡು ಕೊಟ್ಟು ಮುಳುಗು ಹಾಕುತ್ತಾರೆ. ತ್ಯಾಜ್ಯ ಸುರಿದ ದಿಬ್ಬಗಳ ಮೇಲೆ ಗಿಡಮರ ಬೆಳೆದಿದೆ, ಮೆಟ್ಟಿಲಿದೆ, ಮಕ್ಕಳು ಹತ್ತುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜನ ತಂದೆ ಇಟಲಿಯವರು. 1946ರಲ್ಲಿ ಇಟಲಿ ಸರ್ಕಾರ ಆಳು ಕಳಿಸಿ ಬದಲಿಗೆ ಕಲ್ಲಿದ್ದಲು ಪಡೆಯುವ ಒಪ್ಪಂದ ಮಾಡಿಕೊಂಡಿತಲ್ಲ, ಆಗ ಬಂದವರಂತೆ. ಆಮೇಲೆ ತುರ್ಕಿ, ಮೊರಾಕ್ಕೊದವರೂ ಬಂದರು. ಅಜ್ಜ ದಿಬ್ಬದ ಮೇಲೆ ಸೈಕಲ್ ನಿಲ್ಲಿಸಿ ಅವರಪ್ಪ ಗಣಿಗೆ ಇಳಿಯುತ್ತಿದ್ದ ಗೋಪುರ ತೋರಿಸಿದರು. ನಾನು ಮೊಬೈಲಿನಲ್ಲಿ ನಮ್ಮ ಸೈನೈಡ್ ಗುಡ್ಡ ತೋರಿಸಿದೆ. ಒಂದೂ ಗಿಡ ಇಲ್ಲವಲ್ಲ ಅಂದರು.

ಆ ಮಾತು ಚುಚ್ಚಿತು, ನಿಜ. ಆದರೆ ಎರಡೂ ದಿಬ್ಬ ಒಂದೇ ಅಲ್ಲ. ಇಲ್ಲಿ ಸುರಿದದ್ದು ಬಹುಪಾಲು ಕಲ್ಲು. ನಮ್ಮಲ್ಲಿ ಚಿನ್ನ ಬೇರ್ಪಡಿಸಲು ಸೈನೈಡ್ ಹಾಕಿ ತೊಳೆದ ನುಣ್ಣನೆ ಪುಡಿ, ಗಾಳಿ ಎದ್ದರೆ ಮನೆಮನೆಗೆ ಧೂಳು. ಅದರ ಮೇಲೆ ಸೈಕಲ್ ಹಾದಿ ಮಾಡಿ ಅಂತ ಸಲಹೆ ಕೊಡುವಷ್ಟು ದಡ್ಡ ನಾನಲ್ಲ. ಗಣಿಯ ಕೂಲಿ ಸೈಕಲ್ ಹಾದಿಯಿಂದ ವಾಪಸು ಬಂತು ಅಂತ ಇಲ್ಲಿಯವರೂ ಹೇಳುವುದಿಲ್ಲ. ಹಳ್ಳಿಯ ಕಾಫಿ ಅಂಗಡಿ, ಹಣ್ಣಿನ ಪೈ ಮಾರುವ ಮನೆ ಉಳಿದುಕೊಂಡವು, ಅಷ್ಟು. ನನ್ನ ಆಸೆ ಇನ್ನೂ ಚಿಕ್ಕದು: ಊರಿನ ಸುತ್ತಲ ರಸ್ತೆಯಲ್ಲಿ ಕೆಲಸವಿಲ್ಲದೆ ಸೈಕಲ್ ತುಳಿದರೆ ಯಾರೂ ಗಾಬರಿಯಾಗಬಾರದು.

ಫೆಬ್ರವರಿಯಲ್ಲಿ ಊರಿಗೆ ಬಂದಾಗ ಅಕ್ಕನ ಮಗನನ್ನು ಹೊರಡಿಸಿದೆ. ಬೆಳಗ್ಗೆ ಆರಕ್ಕೆ ಬಿಟ್ಟರೆ ಒಂಬತ್ತರ ತನಕ ನಮ್ಮ ಬಿಸಿಲಿಗಿಂತ ಹಿತವಾದ ಬಿಸಿಲು ಬೆಲ್ಜಿಯಂನಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಹುಣಸೆ ಬಡಿಯುತ್ತಿದ್ದರು, ಮರದಡಿ ಹಳೇ ಸೀರೆ ಹಾಸಿ ಹೆಂಗಸರು ಆಯುತ್ತಿದ್ದರು. ಮಾವು ಹೂವು ಬಿಟ್ಟಿತ್ತು, ಕೆಲವು ಗೊಂಚಲಲ್ಲಿ ಮೆಣಸಿನಕಾಳು ಗಾತ್ರದ ಕಾಯಿ ಕಚ್ಚಿತ್ತು. ಟೊಮೇಟೊ ತುಂಬಿದ 15 ಕೆಜಿ ಬಾಕ್ಸುಗಳನ್ನು ಟೆಂಪೊಗೆ ಏರಿಸುತ್ತಿದ್ದವನೊಬ್ಬ ನಮ್ಮನ್ನು ನೋಡಿ, "ಯಾಕಣ್ಣ, ಗಾಡಿ ಕೆಟ್ಟೋಯ್ತಾ?" ಅಂದ. ಮುಂದಿನ ಊರಿನಲ್ಲಿ ಇನ್ನೊಬ್ಬರು ಪೆಟ್ರೋಲ್ ರೇಟು ಬೈದು ನಮಗೆ ಸಮಾಧಾನ ಹೇಳಿದರು. ಬೇತಮಂಗಲ ಕೆರೆ ಏರಿ ಮೇಲೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಪಾಲಾರ್ ನೀರಿನ ಕೆರೆ ಅದು, ಗಣಿ ನಡೆಯುವಾಗ ಕೆಜಿಎಫ್‌ಗೆ ಕುಡಿಯುವ ನೀರು ಹೋಗುತ್ತಿದ್ದುದು ಅಲ್ಲಿಂದಲೇ. ಮಾರನೇ ದಿನ ಬೂದಿಕೋಟೆ ಕಡೆಗೆ, ಮಾರ್ಕಂಡೇಯ ಜಲಾಶಯದ ತನಕ. ಬಂಡೆಗಳ ನಡುವಿನ ಆ ರಸ್ತೆ ಹಾಸ್ಪೆನ್‌ಗೌಗೆ ಏನೂ ಕಮ್ಮಿಯಿಲ್ಲ. ಕಾಮಸಮುದ್ರದ ಕಡೆ ಮಾತ್ರ ಬೇಡ ಅಂದರು ಅಪ್ಪ, ಆನೆ ಇಳಿಯುತ್ತವೆ. ಮುಖ್ಯರಸ್ತೆಯ ಟಿಪ್ಪರ್‌ಗಳಿಗೆ ಹೋಲಿಸಿದರೆ ಆನೆಯೇ ಸಭ್ಯ ಪ್ರಾಣಿ ಇರಬಹುದು. ಸಂಜೆ ಬಂಗಾರಪೇಟೆಯಲ್ಲಿ ಬಿಳೀ ನೀರಿನ ಪಾನಿಪುರಿ. ಅದಕ್ಕೆ ಸಾಟಿಯಾದದ್ದು ಯುರೋಪಿನಲ್ಲಿಲ್ಲ.

ಟೀ ಅಂಗಡಿಯಲ್ಲಿ ಅಕ್ಕನ ಮಗನಿಗೂ ಅವನ ಸ್ನೇಹಿತರಿಗೂ ನಂಬರಿನ ಕತೆ ಹೇಳಿದೆ. ನಮ್ಮಲ್ಲಿ ಹಳ್ಳಿ ರಸ್ತೆ ಕೂಡುವ ಕಡೆಯೆಲ್ಲ ಒಂದೊಂದು ಗೇಟ್ ಇದ್ದೇ ಇದೆ, ಆ ಗೇಟಿನ ಮೋರಿಕಟ್ಟೆಗೆ ಸುಣ್ಣದಲ್ಲಿ ನಂಬರು ಬರೆದರೆ ಸಾಕು, ಟೆಂಡರ್ ಬೇಡ, ಏನೂ ಬೇಡ ಅಂದೆ. ಎಲ್ಲರಿಗೂ ಹಿಡಿಸಿತು. ಹಾಗಾದ್ರೆ ಒಂದನೇ ನಂಬರು ಯಾವೂರಿಗೆ ಅಂತ ಯಾರೋ ಕೇಳಿದರು. ಬೆಲ್ಜಿಯಂನಲ್ಲಿ ನಂಬರಿಗೆ ದೊಡ್ಡದು ಚಿಕ್ಕದು ಅನ್ನುವ ಲೆಕ್ಕ ಇಲ್ಲ ಅಂತ ನಾನು ಎಷ್ಟು ಹೇಳಿದರೂ ಕೇಳುವವರಿಲ್ಲ. ದೇವಸ್ಥಾನ ಇರೋ ಊರಿಗೆ ಅಂದ ಒಬ್ಬ, ಪಂಚಾಯ್ತಿ ಆಫೀಸು ಇರೋ ಊರಿಗೆ ಅಂದ ಇನ್ನೊಬ್ಬ. ನಾನು ವಿಮಾನ ಹತ್ತಿದ ವಾರವೇ ಅಕ್ಕನ ಮಗ ನಮ್ಮೂರ ಗೇಟಿನ ಮೋರಿಗೆ ದೊಡ್ಡದಾಗಿ 1 ಅಂತ ಬರೆದು ಫೋಟೊ ಕಳಿಸಿದ. ಪಕ್ಕದೂರಿನವರು ಮಾರನೇ ದಿನವೇ ತಮ್ಮ ಬಸ್ ಸ್ಟಾಪಿಗೆ 1 ಅಂತ ಬರೆದುಕೊಂಡಿದ್ದಾರಂತೆ, ಅದೂ ಆಯಿಲ್ ಪೇಂಟಿನಲ್ಲಿ.