ತಡಿಯಂಡಮೋಳ್‌ಗೆ ಹೊರಡುವ ಮುಂಚೆ ಕಂಪ್ಯೂಟರ್ ಮುಂದೆ ಒಂದು ಸಂಜೆ

ಡಿಸೆಂಬರ್‌ನಲ್ಲಿ ನಾವು ಮೂರು ಜನ ಮೈಸೂರಿನಿಂದ ಕೊಡಗಿಗೆ ಹೋಗಿ, ಕಕ್ಕಬ್ಬೆಯಲ್ಲಿ ಒಂದು ರಾತ್ರಿ ಉಳಿದು, ತಡಿಯಂಡಮೋಳ್ ಹತ್ತಿ ಬಂದೆವು. ಕೊಡಗಿನಲ್ಲೇ ಎತ್ತರದ ಬೆಟ್ಟ, 1,748 ಮೀಟರ್. ಮಂಜು, ಹಸಿರು, ಸೂರ್ಯೋದಯದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ಅದನ್ನು ನಾನು ಮತ್ತೆ ಬರೆಯುವುದಿಲ್ಲ. ನಾನು ಹೇಳುವುದು ಹೊರಡುವ ಹಿಂದಿನ ವಾರದ ಕೆಲಸ. ಕೈಯಲ್ಲಿ ಹಿಡಿಯುವ ಜಿಪಿಎಸ್‌ನಲ್ಲಿರುವ ಮ್ಯಾಪನ್ನೇ ಮನೆ ಕಂಪ್ಯೂಟರ್‌ನಲ್ಲಿ ತೆರೆದು ದಾರಿ ಹಾಕಿಕೊಂಡೆ. ಅದು ಎಲ್ಲಿ ಉಪಯೋಗಕ್ಕೆ ಬಂತು, ಎಲ್ಲಿ ನಾನು ಬೇಸ್ತು ಬಿದ್ದೆ, ಅಷ್ಟೇ.

ಮೊಬೈಲ್ ಇರುವಾಗ ಇದ್ಯಾಕೆ ಅಂತ ಜೊತೆಯವರೂ ಕೇಳಿದರು. ಕಕ್ಕಬ್ಬೆ ದಾಟಿದ ಮೇಲೆ ನಮ್ಮ ಮೂರು ಫೋನಿನಲ್ಲೂ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಮಂಜಿನ ಹನಿ ಬಿದ್ದ ಟಚ್ ಸ್ಕ್ರೀನ್ ನಾವು ಒತ್ತಿದ್ದು ಬಿಟ್ಟು ಬೇರೆ ಏನೋ ಮಾಡುತ್ತದೆ. ನನ್ನದು ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 20 ಅನ್ನುವ ಹಳೆಯ ಜಿಪಿಎಸ್ ಸಾಧನ. ಎರಡು ಪೆನ್‌ಸಿಲ್ ಸೆಲ್ ಹಾಕಿದರೆ ಇಡೀ ದಿನ ಓಡುತ್ತದೆ, ಮುಗಿದರೆ ಯಾವ ಅಂಗಡಿಯಲ್ಲಾದರೂ ಸೆಲ್ ಸಿಗುತ್ತದೆ, ಕೆಳಗೆ ಬಿದ್ದರೂ ಜೀವ ಬಾಯಿಗೆ ಬರುವುದಿಲ್ಲ. ಆದರೆ ಅದರ ಪರದೆ ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು, ಅಷ್ಟೇ. ಅದರ ಮೇಲೆ ಎರಡು ದಿನದ ಪ್ರವಾಸ ಪ್ಲಾನ್ ಮಾಡುವುದು ಕೀಲಿಕೈ ತೂತಿನಲ್ಲಿ ಮದುವೆ ಮನೆ ನೋಡಿದ ಹಾಗೆ. ಅದಕ್ಕೇ ಕಂಪ್ಯೂಟರ್ ಬೇಕು.

ಕಂಪ್ಯೂಟರ್‌ಗೆ ಗಾರ್ಮಿನ್‌ನ ಬೇಸ್‌ಕ್ಯಾಂಪ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಲಿನಕ್ಸ್ ಇರುವವರಿಗೆ ಕ್ಯೂಮ್ಯಾಪ್‌ಶ್ಯಾಕ್ ಇದೆ, ಅದೂ ಗಾರ್ಮಿನ್‌ನ ಐಎಂಜಿ ಅನ್ನುವ ಮ್ಯಾಪ್ ಫೈಲ್ ತೆರೆಯುತ್ತದೆ. ಮ್ಯಾಪ್‌ಗೆ ನಾನು ದುಡ್ಡು ಕೊಟ್ಟಿಲ್ಲ. ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಗಾರ್ಮಿನ್‌ಗಾಗಿ ತಯಾರು ಮಾಡಿದ ಮ್ಯಾಪ್‌ಗಳನ್ನು ಇಳಿಸಿಕೊಳ್ಳಬಹುದು. ಸಾಮಾನ್ಯವಾಗಿ ಅದು ಜಿಮ್ಯಾಪ್‌ಸಪ್ ಅನ್ನುವ ಹೆಸರಿನ ಒಂದೇ ಫೈಲ್. ಅದನ್ನು ಮೆಮೊರಿ ಕಾರ್ಡ್‌ನಲ್ಲಿ ಗಾರ್ಮಿನ್ ಅನ್ನುವ ಫೋಲ್ಡರ್ ಮಾಡಿ ಅದರೊಳಗೆ ಹಾಕಿದರೆ ಸಾಧನದ ಕೆಲಸ ಮುಗಿಯಿತು.

ಕಂಪ್ಯೂಟರ್‌ನಲ್ಲಿ ನೋಡಲು ಎಲ್ಲರೂ ಮೊದಲು ಮಾಡುವುದು ಜಿಪಿಎಸ್ ಅನ್ನು ಕೇಬಲ್‌ನಲ್ಲಿ ಚುಚ್ಚುವುದು. ಮ್ಯಾಪ್ ಬರುತ್ತದೆ ನಿಜ, ಆದರೆ ಒಂದೊಂದು ಸಲ ಸರಿಸಿದಾಗಲೂ ಕಾಯಬೇಕು. ನಾನು ಒಂದು ಗಂಟೆ ಹೀಗೆ ಹೆಣಗಾಡಿದ ಮೇಲೆ ನೆನಪಾಗಿದ್ದು ಪೆನ್‌ಡ್ರೈವ್ ಉಪಾಯ. ಖಾಲಿ ಪೆನ್‌ಡ್ರೈವ್‌ನಲ್ಲಿ ಅದೇ ಗಾರ್ಮಿನ್ ಫೋಲ್ಡರ್ ಮಾಡಿ ಅದೇ ಫೈಲ್ ಕಾಪಿ ಮಾಡಿ. ಬೇಸ್‌ಕ್ಯಾಂಪ್ ಅದನ್ನೂ ಒಂದು ಸಾಧನ ಅಂದುಕೊಂಡು ಮ್ಯಾಪ್ ತೋರಿಸುತ್ತದೆ, ಕೇಬಲ್‌ಗಿಂತ ಎಷ್ಟೋ ಬೇಗ. ದುಡ್ಡು ಕೊಟ್ಟು ಕೊಂಡ ಮ್ಯಾಪ್‌ಗೆ ಇದು ನಡೆಯುವುದಿಲ್ಲ, ಅವು ಆ ಸಾಧನಕ್ಕೋ ಕಾರ್ಡ್‌ಗೋ ಬೀಗ ಹಾಕಿಕೊಂಡಿರುತ್ತವೆ. ಅವುಗಳಿಗೆ ಕೇಬಲ್ಲೇ ಗತಿ. ಇನ್ನೊಂದು, ಕಾರ್ಡ್ ಫ್ಯಾಟ್32 ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಇಡೀ ದೇಶದ ಮ್ಯಾಪ್ ಯಾಕೆ ಬೇಕು, ದಕ್ಷಿಣದ್ದು ಮಾತ್ರ ಸಾಕು.

ಈಗ ನನ್ನ ಮೊದಲ ಎಡವಟ್ಟು. ಎಲ್ಲೋ ಬರೆದಿಟ್ಟುಕೊಂಡಿದ್ದ ತಡಿಯಂಡಮೋಳ್‌ನ ಅಕ್ಷಾಂಶ ರೇಖಾಂಶ ಇತ್ತು: 12 ಡಿಗ್ರಿ 13 ನಿಮಿಷ ಉತ್ತರ, 75 ಡಿಗ್ರಿ 36 ನಿಮಿಷ ಪೂರ್ವ. ಆತುರದಲ್ಲಿ 12.13, 75.36 ಅಂತ ಟೈಪ್ ಮಾಡಿದೆ. ಧ್ವಜದ ಗುರುತು ಹೋಗಿ ನೆಟ್ಟಿದ್ದು ಕೇರಳದ ಕಣ್ಣೂರು ಜಿಲ್ಲೆಯಲ್ಲಿ! ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 13 ನಿಮಿಷ ಅಂದರೆ 0.13 ಅಲ್ಲ, 0.217. 36 ನಿಮಿಷ ಅಂದರೆ 0.6. ನೋಡಲು ಸಣ್ಣ ವ್ಯತ್ಯಾಸ, ನೆಲದ ಮೇಲೆ ಹತ್ತಿರ ಹತ್ತಿರ 28 ಕಿ.ಮೀ. ಬೆಟ್ಟವೇ ಗಡಿ ದಾಟಿದ್ದರಿಂದ ನನಗೆ ತಕ್ಷಣ ಗೊತ್ತಾಯಿತು. ತಪ್ಪು ಒಂದೆರಡು ಕಿ.ಮೀ. ಇದ್ದಿದ್ದರೆ ಪಕ್ಕದ ಗುಡ್ಡವನ್ನೇ ಇದು ಅಂದುಕೊಂಡು ಹೋಗುತ್ತಿದ್ದೆ. ಅಂಕಿ ಹಾಕುವ ಮೊದಲು ಸಾಫ್ಟ್‌ವೇರ್‌ನಲ್ಲೂ ಸಾಧನದಲ್ಲೂ ಪೊಸಿಷನ್ ಫಾರ್ಮ್ಯಾಟ್, ಅಂದರೆ ಅಕ್ಷಾಂಶ ರೇಖಾಂಶ ಬರೆಯುವ ರೀತಿ, ಯಾವುದಿದೆ ನೋಡಿಕೊಳ್ಳಿ. ಹೆಸರಿನಿಂದ ಹುಡುಕುವುದಾದರೆ ಒಂದೇ ಸ್ಪೆಲಿಂಗ್ ನಂಬಬೇಡಿ. ಕಕ್ಕಬ್ಬೆಯನ್ನು ಇಂಗ್ಲಿಷ್‌ನಲ್ಲಿ ಮೂರು ಥರ ಬರೆಯುತ್ತಾರೆ, ವಿರಾಜಪೇಟೆಯ ಪೇಟೆ ಕೆಲವು ಕಡೆ ಪೆಟ್ ಆಗಿದೆ.

ರೂಟ್ ಮತ್ತು ಟ್ರ್ಯಾಕ್ ಬೇರೆ ಬೇರೆ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಆದ ಹಾಗೆ. ರೂಟ್ ಅಂದರೆ ನೀವು ಗುರುತು ಮಾಡಿದ ಜಾಗಗಳ ನಡುವೆ ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಡುವ ದಾರಿ. ಕಂಪ್ಯೂಟರ್‌ನಲ್ಲಿ ನೀವು ರೂಟ್ ಹಾಕಿ ಸಾಧನಕ್ಕೆ ಕಳಿಸಿದರೆ, ಅಲ್ಲಿ ಅದು ತನ್ನ ಮ್ಯಾಪ್, ತನ್ನ ಸೆಟ್ಟಿಂಗ್ ಪ್ರಕಾರ ಮತ್ತೆ ಲೆಕ್ಕ ಹಾಕಿ ಬೇರೆ ದಾರಿ ತೋರಿಸಬಹುದು. ಟ್ರ್ಯಾಕ್ ಹಾಗಲ್ಲ, ಅದು ನೆಲದ ಮೇಲೆ ಎಳೆದ ಗೆರೆ, ಯಾರೂ ಅಳಿಸಿ ಬರೆಯುವುದಿಲ್ಲ. ಅದಕ್ಕೇ ಚಾರಣಕ್ಕೆ ಯಾವಾಗಲೂ ಟ್ರ್ಯಾಕ್ ಕಳಿಸಿ. ಬೇಸ್‌ಕ್ಯಾಂಪ್‌ನಲ್ಲಿ ರೂಟ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದನ್ನು ಟ್ರ್ಯಾಕ್ ಮಾಡುವ ಆಯ್ಕೆ ಇದೆ.

ಇದು ಗೊತ್ತಿದ್ದೂ ಕಾರಿನ ದಾರಿಗೆ ನಾನು ರೂಟೇ ಕಳಿಸಿದೆ. ಸೋಮಾರಿತನ. ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ ತನಕ ಏನೂ ತೊಂದರೆ ಇಲ್ಲ, ದೊಡ್ಡ ರಸ್ತೆ. ವಿರಾಜಪೇಟೆ ದಾಟಿ ಚೆಯ್ಯಂಡಾಣೆ ಕಡೆ ಹೋಗುವಾಗ ಸಾಧನ ಎಡಕ್ಕೆ ತಿರುಗು ಅಂದಿತು. ತಿರುಗಿದೆವು. ಡಾಂಬರು ಹೋಗಿ ಜಲ್ಲಿ ಬಂತು, ಜಲ್ಲಿ ಹೋಗಿ ಕೆಂಪು ಮಣ್ಣು ಬಂತು. ಎರಡೂ ಕಡೆ ಕಾಫಿ ಗಿಡ, ಹಣ್ಣು ತುಂಬಿ ಬಾಗಿ ಕಾರಿನ ಕನ್ನಡಿಗೆ ಸವರುತ್ತಿತ್ತು. ಒಂದೂವರೆ ಕಿ.ಮೀ. ಹೋದ ಮೇಲೆ ಕಬ್ಬಿಣದ ಗೇಟು, ಬೀಗ, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ಕಾವಲುಗಾರ. ನಾವು ಬಾಯಿ ತೆಗೆಯುವ ಮುಂಚೆಯೇ ಅವರು, "ಮ್ಯಾಪ್ ನೋಡ್ಕೊಂಡು ಬಂದ್ರಾ ಸಾರ್? ಇದು ತೋಟದ ರಸ್ತೆ, ಆಚೆ ಬಿಡಲ್ಲ. ನಿಮ್ಮಂಗೆ ವಾರಕ್ಕೆ ಒಬ್ರಾದ್ರೂ ಬರ್ತಾರೆ" ಅಂದರು. ಕಾರು ತಿರುಗಿಸಲು ಜಾಗ ಇಲ್ಲ. ಒಬ್ಬ ಇಳಿದು ಹಿಂದೆ ನಡೆಯುತ್ತಾ ದಾರಿ ಹೇಳಬೇಕಾಯಿತು, ಅಷ್ಟರಲ್ಲಿ ಕಾಫಿ ಮೂಟೆ ಹೇರಿಕೊಂಡ ಟ್ರ್ಯಾಕ್ಟರ್ ಹಿಂದಿನಿಂದ ಬಂತು. ಮುಕ್ಕಾಲು ಗಂಟೆ ಹೋಯಿತು.

ತಪ್ಪು ನನ್ನದೇ. ಸಾಧನದಲ್ಲಿ ಹಿಂದಿನ ಯಾವುದೋ ಪ್ರವಾಸದಲ್ಲಿ ಕಡಿಮೆ ದೂರದ ದಾರಿ ಅಂತ ಸೆಟ್ ಮಾಡಿ ಮರೆತಿದ್ದೆ, ಕಂಪ್ಯೂಟರ್‌ನಲ್ಲಿ ಕಡಿಮೆ ಸಮಯ ಅಂತ ಇತ್ತು. ಕೊಡಗಿನಲ್ಲಿ ಕಡಿಮೆ ದೂರ ಅಂದರೆ ಹೆಚ್ಚು ಪಾಲು ಯಾರದೋ ತೋಟದ ಒಳಗೆ. ಉಪಗ್ರಹದ ಚಿತ್ರ ನೋಡಿ ರಸ್ತೆ ಎಳೆದವರಿಗೆ ಗೆರೆ ಕಾಣುತ್ತದೆ, ಗೇಟು ಕಾಣುವುದಿಲ್ಲ. ಇದೇ ರೀತಿ, ಇರ್ಪು ಜಲಪಾತಕ್ಕೋ ಕುಟ್ಟಕ್ಕೋ ಹೋಗುವವರಿಗೆ ಸಾಫ್ಟ್‌ವೇರ್ ನಾಗರಹೊಳೆ ಕಾಡಿನ ನಡುವಿನ ರಸ್ತೆ ತೋರಿಸುತ್ತದೆ, ಅಲ್ಲಿ ರಾತ್ರಿ ಗೇಟು ಹಾಕುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಸಂಜೆ ಹೊರಡುವವರು ಗೋಣಿಕೊಪ್ಪ ಮೇಲೆಯೇ ಹೋಗಿ. ಮಡಿಕೇರಿಯ ಉತ್ತರಕ್ಕೆ, ಮಕ್ಕಂದೂರು, ಮುಕ್ಕೋಡ್ಲು ಕಡೆ ಹೋಗುವವರು ಮ್ಯಾಪ್ ಯಾವ ವರ್ಷದ್ದು ಅಂತ ಖಂಡಿತ ನೋಡಿ. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡಗಳೇ ಜಾರಿದ್ದವು, ಅದಕ್ಕೂ ಮುಂಚೆ ಕಾರ್ಡ್‌ಗೆ ಹಾಕಿಕೊಂಡ ಮ್ಯಾಪ್ ಇನ್ನೂ ಹಳೆಯ ನೆಲವನ್ನೇ ತೋರಿಸುತ್ತಿರುತ್ತದೆ.

ಕಕ್ಕಬ್ಬೆಯ ಹೋಂಸ್ಟೇಗೆ ತಲುಪಿದಾಗ ಕತ್ತಲು. ಆಂಟಿ ಕಡಂಬುಟ್ಟು ಬಿಸಿ ಮಾಡಿ ಕೊಟ್ಟರು. ಲ್ಯಾಪ್‌ಟಾಪ್ ತೆಗೆದು ನಾಳೆಯ ಟ್ರ್ಯಾಕ್ ತೋರಿಸಿದೆ. ಅವರ ಗಂಡ ಕನ್ನಡಕ ಹಾಕಿಕೊಂಡು ಬಂದು ನೋಡಿ, ನಾನು ಹಾಕಿದ್ದ ಎರಡು ಕಾಲುದಾರಿಯಲ್ಲಿ ಒಂದರ ಮೇಲೆ ಬೆರಳಿಟ್ಟು, "ಇದರಲ್ಲಿ ಈಗ ಯಾರೂ ಹೋಗಲ್ಲ, ಕಾಡು ಬೆಳೆದಿದೆ. ಆನೆ ಮಾತ್ರ ಹೋಗ್ತದೆ" ಅಂದರು. ಆ ಗೆರೆಯನ್ನು ಅಲ್ಲೇ ಅಳಿಸಿದೆ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದಕ್ಕೆ ಇದೊಂದೇ ಸಾಕು. ನೀವು ಒಯ್ಯದಿದ್ದರೂ ಮ್ಯಾಪ್‌ನ ಒಂದು ಪ್ರಿಂಟ್ ಇಟ್ಟುಕೊಳ್ಳಿ, ಊರಿನವರಿಗೆ ತೋರಿಸಲು ಸಣ್ಣ ಪರದೆ ಆಗುವುದಿಲ್ಲ.

ಬೆಳಿಗ್ಗೆ ನಾಲ್ಕುನಾಡು ಅರಮನೆಯ ಹತ್ತಿರದಿಂದ ನಡಿಗೆ ಶುರು. 1790ರ ದಶಕದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ, ಇಳಿದು ಬಂದ ಮೇಲೆ ನೋಡಿ, ಹತ್ತುವ ಮುಂಚೆ ಹೊತ್ತು ಕಳೆಯಬೇಡಿ. ಅರಣ್ಯ ಇಲಾಖೆಯ ಅನುಮತಿ ಬೇಕು. ಅದನ್ನು ಮ್ಯಾಪ್‌ಗಿಂತ ಮೊದಲೇ, ಆನ್‌ಲೈನ್‌ನಲ್ಲಿ ನೋಡಿಕೊಳ್ಳಿ. ನಿಯಮ ಆಗಾಗ ಬದಲಾಗುತ್ತದೆ.

ಮನೆಯಲ್ಲಿ ನೋಡಿದ್ದ ಎತ್ತರದ ಗ್ರಾಫ್ ಬಹಳ ಉಪಯೋಗಕ್ಕೆ ಬಂತು. ಮೊದಲಿಗೆ ಹದವಾದ ಏರು, ಆಮೇಲೆ ಹುಲ್ಲುಗಾವಲು, ಕೊನೆಯಲ್ಲಿ ಗ್ರಾಫ್ ಗೋಡೆಯ ಹಾಗೆ ನಿಂತಿತ್ತು. ಅದಕ್ಕೇ ದೊಡ್ಡ ಬಂಡೆಯ ಹತ್ತಿರ ಚೆನ್ನಾಗಿ ಕೂತು, ನೀರು ಕುಡಿದು, ಕಿತ್ತಳೆ ತಿಂದು ಮುಂದೆ ಹೊರಟೆವು. ಆದರೆ ಗ್ರಾಫ್‌ನ ಪ್ರತಿ ಮೀಟರೂ ನಂಬಬೇಡಿ. ಇಂಥ ಪುಕ್ಕಟೆ ಮ್ಯಾಪ್‌ಗಳಲ್ಲಿ ಎತ್ತರದ ಗೆರೆಗಳು ಹೆಚ್ಚಾಗಿ 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಲೆಕ್ಕದಿಂದ ಬಂದವು. ಸುಮಾರು 30 ಮೀಟರ್‌ಗೆ ಒಂದು ಅಳತೆ. ನಡುವೆ ಹತ್ತು ಮೀಟರ್ ಜಾರು ಬಂಡೆ ಇದ್ದರೆ ಗ್ರಾಫ್‌ನಲ್ಲಿ ಕಾಣಲೇಬೇಕು ಅಂತಿಲ್ಲ. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲ ಮುಟ್ಟದೆ ಮರದ ನೆತ್ತಿಯ ಹತ್ತಿರವೇ ವಾಪಸ್ ಬರುತ್ತದೆ, ಹಾಗಾಗಿ ಕಾಡಿನ ಅಂಚಿನಲ್ಲಿ ಇಲ್ಲದ ಏರು ಇಳಿತ ಕಾಣುತ್ತದೆ. ಇನ್ನು ಸಾಫ್ಟ್‌ವೇರ್ ಹೇಳುವ ಸಮಯ. ಅದು ನೀವು ಕೊಟ್ಟ ವೇಗದ ಗುಣಾಕಾರ, ಅಷ್ಟೇ. ಸುಮಾರು ಏಳು ಕಿ.ಮೀ.ಗೆ ನಮಗೆ ಹತ್ತಲು ಮೂರೂವರೆ ಗಂಟೆ ಹಿಡಿಯಿತು.

ಶಿಖರಕ್ಕೆ ಮುಂಚೆ ಶೋಲಾ ಕಾಡು, ಅಂದರೆ ಹುಲ್ಲುಗಾವಲಿನ ನಡುವಿನ ದಟ್ಟ ಕಾಡು, ಸಿಗುತ್ತದೆ. ಒಳಗೆ ಹೋದ ಕೂಡಲೇ ಬೆಳಕು ಅರ್ಧಕ್ಕೆ ಇಳಿಯಿತು, ಕಾಲಡಿ ಒದ್ದೆ ಬೇರುಗಳು. ಪರದೆಯ ಮೇಲೆ ನಮ್ಮ ಬಾಣ ಹಾಕಿದ್ದ ಗೆರೆಯಿಂದ ಪಕ್ಕಕ್ಕೆ ಜಿಗಿಯುವುದು, ಮತ್ತೆ ವಾಪಸ್ ಬರುವುದು, ನಿಂತಲ್ಲೇ ನಿಂತರೂ ಓಡಾಡುವುದು. ಜೊತೆಗಿದ್ದವನು ದಾರಿ ತಪ್ಪಿದೆವು ಅಂತ ಎಡಕ್ಕೆ ಪೊದೆಯೊಳಗೆ ನುಗ್ಗಲು ಹೊರಟ. ಹಾಗೆ ಮಾಡಬೇಡಿ. ಜಾಗ ಹೇಳಲು ಕಡಿಮೆ ಎಂದರೆ ನಾಲ್ಕು ಉಪಗ್ರಹಗಳ ಸಿಗ್ನಲ್ ಬೇಕು, ಮರದಡಿ ಅದು ದುರ್ಬಲವಾಗುತ್ತದೆ, ಬಂಡೆಗೆ ಬಡಿದು ಸುತ್ತಿ ಬರುತ್ತದೆ. 20–30 ಮೀಟರ್ ಆಚೀಚೆ ತೋರಿಸಿದರೆ ಕಾಲಡಿಯ ಸವೆದ ದಾರಿಯನ್ನೇ ನಂಬಿ, ಬಯಲಿಗೆ ಬಂದ ಮೇಲೆ ಸಾಧನ ನೋಡಿ. ಹತ್ತುವಾಗ ಟ್ರ್ಯಾಕ್ ರೆಕಾರ್ಡಿಂಗ್ ಆನ್ ಇರಲಿ. ಇಳಿಯುವ ಹೊತ್ತಿಗೆ ಮಂಜು ಮುಚ್ಚಿ ಹತ್ತು ಹೆಜ್ಜೆ ಮುಂದಿನವನು ಕಾಣದಾಗ ನಾವು ಹಿಂಬಾಲಿಸಿದ್ದು ಮನೆಯಲ್ಲಿ ಹಾಕಿದ ಗೆರೆಯನ್ನಲ್ಲ, ಬೆಳಿಗ್ಗೆ ನಾವೇ ನಡೆದ ಗೆರೆಯನ್ನು.

ಮೈಸೂರಿಗೆ ಬಂದು, ನಡೆದ ಟ್ರ್ಯಾಕ್ ಇರುವ ಜಿಪಿಎಕ್ಸ್ ಫೈಲನ್ನು ಕಂಪ್ಯೂಟರ್‌ಗೆ ಹಾಕಿ, ಪ್ಲಾನ್ ಮಾಡಿದ ಗೆರೆ ಕೆಂಪು, ನಡೆದ ಗೆರೆ ನೀಲಿ ಮಾಡಿ ಎರಡನ್ನೂ ಒಟ್ಟಿಗೆ ನೋಡಿದೆ. ಬೆಟ್ಟದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಚೆಯ್ಯಂಡಾಣೆ ಹತ್ತಿರ ಮಾತ್ರ ನೀಲಿ ಗೆರೆ ತೋಟದೊಳಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದಿದೆ, ನಾಲಿಗೆ ಚಾಚಿದ ಹಾಗೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ತಿದ್ದಬಹುದು, ಹಾಗಾಗಿ ನಾಲಿಗೆಯ ತುದಿಯಲ್ಲಿ ಒಂದು ಗೇಟು ಇಟ್ಟು, ರಸ್ತೆಯನ್ನು ಖಾಸಗಿ ಅಂತ ಗುರುತು ಮಾಡಿದ್ದೇನೆ. ಹಳೆಯ ಫೈಲ್‌ಗೆ ಇದು ತಾನಾಗಿ ಬರುವುದಿಲ್ಲ, ಹೊರಡುವ ಮುಂಚೆ ಮ್ಯಾಪನ್ನು ಹೊಸದಾಗಿ ಇಳಿಸಿಕೊಳ್ಳಿ.