ಪದ್ಮಿನಿಯ ಬಾಗಿಲೊಳಗಿನ ಮಳೆ

ಅಪ್ಪಯ್ಯನ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಈಗಲೂ ಗಟ್ಟಿಯಾಗಿದೆ. ಸೋತದ್ದು ಬಾಗಿಲು. ಒಳಹಲಗೆ ಹಪ್ಪಳದಂತೆ ಉಬ್ಬಿ, ರೆಕ್ಸಿನ್ ಅಂಚಿನಿಂದ ಸುಲಿದು, ಮೊಣಕಾಲು ತಾಗಿದರೆ ಪುಡಿ ಉದುರುತ್ತಿತ್ತು. ಮುಂಬೈಯ ಕುರ್ಲಾದಲ್ಲಿ ಈ ಕಾರಿನ ತಯಾರಿಕೆ ನಿಂತು ಎರಡು ದಶಕದ ಮೇಲಾಯಿತು. ಚಿಕ್ಕಮಗಳೂರಿನಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಹೊಸ ಹಲಗೆ ಇರಲಿಲ್ಲ. ಅರೇಬಿಕಾ ಕೊಯ್ಲು ಮುಗಿದ ಮೇಲಿನ ಒಂದು ಭಾನುವಾರ, ಕಣದ ಪಕ್ಕದ ಶೆಡ್ಡಿನಲ್ಲಿ ನಾನೇ ಮಾಡಲು ಕುಳಿತೆ.

ಗಾಜು ಏರಿಸುವ ಹಿಡಿಕೆ, ಬಾಗಿಲಿನ ಹಿಡಿಕೆ, ಕೈ ಊರುವ ಪಟ್ಟಿ ಬಿಚ್ಚಿದ ಮೇಲೆ ಹಲಗೆ ನಿಂತಿರುವುದು ಅಂಚಿನ ಕ್ಲಿಪ್ಪುಗಳ ಮೇಲೆ. ಅಗಲ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಕ್ಲಿಪ್ಪಿನ ಮಗ್ಗುಲಲ್ಲೇ ಮೀಟಬೇಕು. ದೂರದಲ್ಲಿ ಮೀಟಿದರೆ ಹಲಗೆ ಹರಿಯುತ್ತದೆ. ಅಳತೆಗೆ ಹಳೆಯದೇ ಅಚ್ಚು. ಆದರೆ ಅದರ ಕೆಳಮೂಲೆ ಅಂಗೈಯಗಲ ಕೊಳೆತುಹೋಗಿತ್ತು. ಎದುರು ಬಾಗಿಲಿನದನ್ನು ಮಗುಚಿಟ್ಟು ಆ ಮೂಲೆಯ ಗೆರೆ ಎಳೆದುಕೊಂಡೆ.

ಕೈ ಒಳಗೆ ಹಾಕಿ ತಡಕಿದಾಗ ಬಾಗಿಲಿನ ತಳದಲ್ಲಿ ಹಿಡಿ ತುಂಬ ಕರಿಕೆಸರು ಸಿಕ್ಕಿತು. ಅದರಲ್ಲಿ ಸಿಲ್ವರ್ ಓಕ್ ಎಲೆಯ ಚೂರುಗಳು. ಅಲ್ಲಿಯವರೆಗೆ ಹಲಗೆಗೆ ವಯಸ್ಸಾಯಿತೆಂದೇ ನಾನು ನಂಬಿದ್ದೆ. ಗಾಜಿಗೂ ರಬ್ಬರಿಗೂ ನಡುವೆ ಮಳೆನೀರು ಇಳಿಯುವುದು ಹೊಸ ಕಾರಿನಲ್ಲೂ ಉಂಟು. ಇಳಿದ ನೀರು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ತೂತುಗಳಿವೆ. ಅವು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ತಗಡಿಗೂ ಹಲಗೆಗೂ ನಡುವೆ ಪ್ಲಾಸ್ಟಿಕ್ ಹಾಳೆಯೊಂದು ಇರಬೇಕಿತ್ತು. ಹಿಂದೊಮ್ಮೆ ಗಾಜು ಜಾಮ್ ಆದಾಗ ರಿಪೇರಿ ಮಾಡಿದವರು ಅದನ್ನು ಕಿತ್ತು ಮತ್ತೆ ಹಾಕಿರಲಿಲ್ಲ. ಐದು ನಿಮಿಷದ ಕೆಲಸ. ಆ ಅಸಡ್ಡೆಗೆ ನಮ್ಮ ಮಲೆನಾಡಿನ ಎಷ್ಟು ಮಳೆಗಾಲ ಈ ಹಲಗೆ ನೀರು ಕುಡಿಯಿತೋ ಎಂದು ನೆನೆದಾಗ ನಿಜಕ್ಕೂ ಸಿಟ್ಟು ಬಂತು.

ತೂತುಗಳನ್ನು ತಂತಿಯಿಂದ ಬಿಡಿಸಿ, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದೆ. ಹೊಸ ಹಲಗೆಗೆ 3 ಮಿಲಿಮೀಟರ್ ಪ್ಲೈವುಡ್ ತಂದಿದ್ದೆ. ಕೊಯ್ದು, ಕ್ಲಿಪ್ಪಿನ ತೂತು ಕೊರೆದು, ಎರಡೂ ಬದಿಗೆ ವಾರ್ನಿಷ್ ಹಚ್ಚುತ್ತಿದ್ದಾಗ ಅಪ್ಪಯ್ಯ ಬಂದು ನಿಂತರು.

"ಅಂಚಿಗೂ ಹಚ್ಚಿದೆಯೇನೋ? ಮೊದಲು ನೀರು ಕುಡಿಯುವುದು ಅಂಚೇ."

ಹಚ್ಚಿರಲಿಲ್ಲ. ಅಂಚು, ತೂತಿನ ಒಳಮೈ ಎಲ್ಲಕ್ಕೂ ಹಚ್ಚಿ ಒಂದು ವಾರ ಒಣಗಲು ಬಿಟ್ಟೆ.

ಮರುವಾರ ತೆಳು ಫೋಮ್ ಅಂಟಿಸಿ, ಮೇಲೆ ರೆಕ್ಸಿನ್. ರಬ್ಬರ್ ಅಂಟನ್ನು ಎರಡೂ ಮೈಗೆ ಬಳಿದು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಕೂಡಿಸಬೇಕು. ಮೊದಲ ಸಲ ಅವಸರಪಟ್ಟೆ. ಎಳೆದಂತೆಲ್ಲ ರೆಕ್ಸಿನ್ ಜಾರಿ ನೆರಿಗೆ ಬಿದ್ದಿತು. ಅದನ್ನು ಎಸೆದು ಬೇರೆ ತುಂಡು ಕತ್ತರಿಸಿದೆ. ಈ ಸಲ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತ ಹೋದೆ. ಮೂಲೆಗಳಲ್ಲಿ ಹಿಂಬದಿಗೆ ಮಡಚುವ ಭಾಗವನ್ನು ಸಣ್ಣ ಸಣ್ಣ ಹಲ್ಲುಗಳಾಗಿ ಕತ್ತರಿಸಿದಾಗ ತಿರುವು ನುಣ್ಣಗೆ ಕುಳಿತಿತು.

ಹೊಸ ಪ್ಲಾಸ್ಟಿಕ್ ಹಾಳೆಯ ಕೆಳತುದಿಯನ್ನು ತಗಡಿನ ಸೀಳಿನೊಳಕ್ಕೆ ಇಳಿಸಿ, ಸುತ್ತ ಅಂಟಿಸಿ, ಹಲಗೆ ಕೂಡಿಸಿದೆ. ಕ್ಲಿಪ್ಪುಗಳು ಒಂದೊಂದಾಗಿ ಟಕ್ಕೆಂದು ಕಚ್ಚಿಕೊಂಡವು. ಅಪ್ಪಯ್ಯ ಒಳಗೆ ಕುಳಿತು ಗಾಜು ಏರಿಸಿದರು. ನಾನು ಹೊರಗಿನಿಂದ ಗಾಜಿನ ಮೇಲೆ ಒಂದು ಬಕೆಟ್ ನೀರು ಸುರಿದು ಬಗ್ಗಿ ನೋಡಿದೆ. ತಳದ ತೂತುಗಳಿಂದ ನೀರು ಸಣ್ಣ ಧಾರೆಗಳಾಗಿ ನೆಲಕ್ಕೆ ಇಳಿಯುತ್ತಿತ್ತು. ಅಪ್ಪಯ್ಯ ಹಲಗೆಯ ಕೆಳಮೂಲೆಯವರೆಗೂ ಕೈಯಾಡಿಸಿ, "ಒಣಗಿಯೇ ಇದೆ, ಇನ್ನೊಂದು ಬಕೆಟ್ ಹಾಕು" ಎಂದರು.